‘ಭತ್ತದ ಕಣಜ’ ಎಂಬ ಬಿರುದು

ಗಂಗಾವತಿಯನ್ನು ‘ಭತ್ತದ ಕಣಜ’ ಎಂದು ಬರೆಯುವ ಅಭ್ಯಾಸವನ್ನು ನಾವು ಬಿಡಬೇಕು. ಆ ಹೊಗಳಿಕೆಯೊಳಗೆ ಅನ್ಯಾಯವೊಂದು ಅಡಗಿದೆ.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಮುಖ್ಯವಾಗಿ ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆ. ಇರುವ ನೀರು ಹೆಚ್ಚು ಹೊಲಗಳಿಗೆ ಮುಟ್ಟಲಿ ಎಂಬುದೇ ಅದರ ಲೆಕ್ಕ. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಗಂಗಾವತಿಯ ನೆಲ ಜೌಗು ಹಿಡಿದು ಸವಳಾಯಿತು. ರಾಯಚೂರಿನ ಕೆಳಭಾಗದ ರೈತರು ನೀರಿಗಾಗಿ ರಸ್ತೆಗಿಳಿದರು. ಜಲಾಶಯದ ಸಾಮರ್ಥ್ಯವೂ ಹೂಳಿನಿಂದಾಗಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದದ್ದು ನಾಡಿಗೆಲ್ಲ ಸುದ್ದಿಯಾಯಿತು. ವರ್ಷವರ್ಷವೂ ಕಾಲುವೆಯ ಮೇಲ್ಭಾಗದಲ್ಲೇ ಮುಗಿದುಹೋಗುವ ನೀರು ಹಾಗೆ ಸುದ್ದಿಯಾಗಲಿಲ್ಲ.

ಇದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ಅಲ್ಲಿನ ಸಣ್ಣ ರೈತನಿಗೆ ಮಾತ್ರ ನಮ್ಮ ಉಪದೇಶ: ಕೃಷಿ ಹೊಂಡ ತೋಡು, ಹನಿ ನೀರಾವರಿ ಮಾಡು, ನೀರು ಉಳಿಸು. ಇಲ್ಲದವನಿಗೆ ಮಿತವ್ಯಯದ ಪಾಠ, ಇದ್ದವನಿಗೆ ಕಣಜದ ಬಿರುದು!

ಗಂಗಾವತಿಯ ರೈತ ಕೇಳುತ್ತಾನೆ: ‘ಪಕ್ಕದ ಗದ್ದೆಯ ನೀರು ನನ್ನ ಹೊಲಕ್ಕೆ ಬಸಿದರೆ ಜೋಳ ಹೇಗೆ ಬೆಳೀಲಿ? ಬೆಳೆದರೂ ಕೊಳ್ಳೋರು ಯಾರು?’ ನ್ಯಾಯದ ಪ್ರಶ್ನೆಯೇ. ಹಾಗಾಗಿ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟಲಾಗದು. ಸರ್ಕಾರ ಜೋಳವನ್ನು ಹಳ್ಳಿಯಲ್ಲೇ ಸಕಾಲಕ್ಕೆ ಖರೀದಿಸಲಿ, ಬಸಿಗಾಲುವೆ ತೆಗೆಸಲಿ, ವಿತರಣಾ ಕಾಲುವೆಗಳಲ್ಲಿ ನೀರು ಅಳೆದು, ಆ ಲೆಕ್ಕವನ್ನು ಊರ ಮುಂದೆ ಬರೆಸಲಿ. ಇದಾಗದಿದ್ದರೆ ನಾಳೆ ಕುಷ್ಟಗಿಗೆ ಏತ ನೀರಾವರಿ ಬಂದರೂ, ಅಲ್ಲಿಯೂ ಮೇಲಿನವನಿಗೆ ಗದ್ದೆ, ಕೆಳಗಿನವನಿಗೆ ಧರಣಿ.