ಒಂದ ಟಬ್ಬಿನ್ಯಾಗ ನಾಲ್ಕ ಕಾಲು

ಮೊನ್ನೆ ನಮ್ಮ ಮೊಮ್ಮಗ ಮೊಬೈಲ್ ಹಿಡಕೊಂಡು ಕೂತಿದ್ದಾ. ನೋಡಿದ್ರ ಟೊಮೇಟೊ, ಸೌತಿಕಾಯಿ ಮಾತಾಡ್ಲಿಕತ್ತಿದ್ವು! "ಏನೋ ಇದು, ಕಾಯಿಪಲ್ಯಾಕ್ಕೂ ಬಾಯಿ ಬಂತೇನು?" ಅಂದೆ. ನಮ್ಮ ಸೊಸಿ, "ಅತ್ಯಾ, ಅದು ಅಮೇರಿಕಾದ ವೆಜಿಟೇಲ್ಸ್, ಹುಡುಗರಿಗೆ ಬೈಬಲ್ ಕಥಿ ಹೇಳ್ತಾವ" ಅಂದ್ಲು. ನನಗೂ ಹುಕಿ ಬಂತು. ಆಕಿ ಕಡೆ ಹುಡುಕಿಸಿ ಹಳೇವೆಲ್ಲಾ ನೋಡಿದೆ.

ಅಲ್ಲಿ ಚರ್ಚಿನವರು ಟಿವಿಗೆ ಭಾಳ ಹಿಂದ ಬಂದಾರ ನೋಡ್ರಿ. ಲುಥೆರನ್ ಚರ್ಚಿನವರ "ಡೇವಿ ಅಂಡ್ ಗೋಲಯತ್" 1961ರಾಗ ಶುರು ಆತು. ಗೊಂಬಿ ಚೂರು ಚೂರು ಸರಿಸಿ ಫೋಟೋ ತಗದು ಮಾಡಿದ್ದು. ಒಬ್ಬ ಹುಡುಗ, ಅವಂಗ ಬುದ್ಧಿ ಹೇಳೋ ನಾಯಿ. ವೆಜಿಟೇಲ್ಸ್ 1993ರಾಗ ಕ್ಯಾಸೆಟ್ ಆಗಿ ಬಂತು. 2006ರಾಗ ಎನ್‌ಬಿಸಿ ಚಾನೆಲ್‌ನ್ಯಾಗ ಹಾಕೋವಾಗ ದೇವರ ಮಾತಿದ್ದ ಎಷ್ಟೋ ಕಡೆ ಕತ್ರಿ ಬಿತ್ತು. ನೋಡೋರಿಗೆ ಸಿಟ್ಟು ಬಂತು, ಬರೋದ ಮತ್ತ. ಆದ್ರ ನನ್ನ ಕೇಳಿದ್ರ, ಕತ್ರಿಗೆ ಸಿಗೋದು ಬಾಯಿಮಾತು ಅಷ್ಟ. ಮಾಡಿ ತೋರಿಸಿದ್ದಕ್ಕ ಯಾರೂ ಕತ್ರಿ ಹಾಕಲಿಕ್ಕಾಗಂಗಿಲ್ಲ.

ಯಾಕ ಹಂಗಂತೀನಿ ಅಂದ್ರ, ಫ್ರೆಡ್ ರಾಜರ್ಸ್ ಅಂತ ಒಬ್ಬರಿದ್ರು. 1963ರಾಗ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಆದವರು. ಅವರ ಕಾರ್ಯಕ್ರಮ 1968ರಿಂದ 2001ರ ತನಕ ಅಮೇರಿಕಾದ ತುಂಬ ನಡೀತು. ಪಾದ್ರಿ ನಿಲುವಂಗಿ ಇಲ್ಲ, ಪ್ರವಚನ ಇಲ್ಲ. ಮನಿಗೆ ಬಂದು ಸ್ವೆಟರ್ ಹಾಕ್ಕೊಂಡು, ಬೂಟು ಬದಲಿ ಮಾಡಿ, ಸಣ್ಣ ಹುಡುಗರ ಜೋಡಿ ಸಾವಕಾಶ ಮಾತಾಡೋರು.

1969ರ ಒಂದ ಭಾಗದಾಗ ಅವರು ಬಿಸಲಿಗೆ ನೀರಿನ ಟಬ್ಬಿನ್ಯಾಗ ಕಾಲ ಇಟಗೊಂಡು ಕೂತಾರ. ಪೊಲೀಸ್ ಪಾತ್ರದ ಫ್ರಾಂಸ್ವಾ ಕ್ಲೆಮನ್ಸ್ ಬರ್ತಾರ. ಅವರು ಕಪ್ಪು ಜನಾಂಗದವರು. ರಾಜರ್ಸ್ ಅವರನ್ನೂ ಕರದು ಕೂಡಸ್ತಾರ. ಟಾವೆಲ್ ಇಲ್ಲಂದ್ರ ತಮ್ಮದ ಕೊಡ್ತಾರ. ಆವಾಗಿನ ಅಮೇರಿಕಾದಾಗ ಕರಿಯರು, ಬಿಳಿಯರು ಒಂದ ಈಜುಗೊಳಕ್ಕ ಇಳಿಯೋದಂದ್ರ ದೊಡ್ಡ ಜಗಳದ ಮಾತು. ಯೇಸು ಶಿಷ್ಯರ ಕಾಲು ತೊಳದ ಕಥಿ ಬೈಬಲ್‌ದಾಗ ಅದ ಅಲ್ಲಾ, ನನಗ ಅದ ನೆನಪಾತು. ಕಥಿ ಹೇಳಲೇ ಇಲ್ಲ ನೋಡ್ರಿ, ಮಾಡಿದ್ರು.

ಬಾಜೂಕ ಕೂತು ನೋಡ್ಲಿಕತ್ತಿದ್ದ ಮೊಮ್ಮಗ ಸುಮ್ಮನಿರಬೇಕಲ್ಲಾ? "ಅಜ್ಜಿ, ಮುಸುರಿ ತಿಕ್ಕೋ ಅಕ್ಕನ ಕಪ್ಪು ಯಾಕ ಹಿತ್ತಲ ಕಟ್ಟಿ ಮ್ಯಾಲ ಬ್ಯಾರೆ ಇಡ್ತಿ?" ಅಂದಾ. ದಿನಾ ರಾತ್ರಿ "ಎಲ್ಲಾರೊಳಗೂ ದೇವರಿದ್ದಾನಪ್ಪಾ" ಅಂತ ಕಥಿ ಹೇಳಾಕಿ ನಾನ! ಬಾಯಾಗ ಮಾತು ಬರಲಿಲ್ಲ.

ಮರುದಿನ ನಾವು ಕುಡಿಯೋ ಕಪ್ಪಿನ್ಯಾಗ ಆಕಿಗೂ ಚಹಾ ಕೊಟ್ಟೆ. ತಗೋಲಿಕ್ಕೆ ಆಕಿ ಹಿಂದಮುಂದ ನೋಡಿದ್ಲು. ಆವಾಗಂತೂ ನನಗ ಭಾಳ ನಾಚಿಕಿ ಆತು. ಹನ್ನೆರಡ ವರ್ಷದಿಂದ ನಮ್ಮನಿಗೆ ಬರೋ ಹೆಣಮಗಳು!

ಹುಡುಗರಿಗೆ ಒಳ್ಳೇ ಕಾರ್ಟೂನ್ ತೋರಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅವು ಟಿವಿ ಒಂದ ನೋಡಂಗಿಲ್ಲ, ನಮ್ಮನ್ನೂ ನೋಡ್ತಾವ. ವೈನಿ, ಮೌಶಿ, ಸಿಟ್ಟಾಗಬ್ಯಾಡ್ರಿ ಮತ್ತ. ನಿಮ್ಮ ಹಿತ್ತಲದಾಗೂ ಹಿಡಿಕಿ ಮುರದ ಒಂದ ಕಪ್ಪು ಅದ, ನಾ ನೋಡೀನಿ.