ಮಗಳನ್ನು ನರ್ಸಿಂಗ್‌ಗೆ ಸೇರಿಸುವ ಮುನ್ನ

ಹನ್ನೆರಡನೇ ತರಗತಿಯ ಫಲಿತಾಂಶ ಬಂದೊಡನೆ ಲೈನುಮನೆಗಳಿಗೆ ಏಜೆಂಟರು ಬರುತ್ತಾರೆ. 'ಒಂದೇ ವರ್ಷದಲ್ಲಿ ಮಗಳು ನರ್ಸ್' ಎನ್ನುತ್ತಾರೆ. ತಾಯಿ ಪ್ರಾವಿಡೆಂಟ್ ಫಂಡಿಗೆ ಅರ್ಜಿ ಹಾಕುತ್ತಾಳೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ನೋಡಬೇಕೆಂದು ಕರ್ತನು ಕಲಿಸಿದ್ದನ್ನು ಈಗ ನೆನೆಯೋಣ.

ಸಮುದಾಯ ಕಾಲೇಜುಗಳನ್ನು ನಾವು ಹಳಿಯುವುದಿಲ್ಲ. 1996ರಲ್ಲಿ ಮದ್ರಾಸಿನ ಕಥೋಲಿಕ ಮಹಾಧರ್ಮಪ್ರಾಂತ್ಯ ಅಂಥದ್ದೊಂದನ್ನು ತೆರೆದದ್ದು ಬಡವರ ಮಕ್ಕಳಿಗಾಗಿಯೇ. ಒಂದು ವರ್ಷದ ಶುಶ್ರೂಷಾ ಸಹಾಯಕಿ ತರಬೇತಿಗೆ ಖರ್ಚು ಕಡಿಮೆ. ಆದರೆ ಆಕೆ ಸಹಾಯಕಿ ಮಾತ್ರ. ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನರ್ಸ್ ಎಂದು ಹೆಸರು ನೋಂದಾಯಿಸಲಾಗದು. ನೋಂದಣಿಗೆ ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು, ಬಿ.ಎಸ್ಸಿ. ನಾಲ್ಕು ವರ್ಷ ಓದಬೇಕು. ಕೇರಳ ಸರಕಾರ 2018ರಲ್ಲಿ ಖಾಸಗಿ ಆಸ್ಪತ್ರೆಯ ಸ್ಟಾಫ್ ನರ್ಸುಗಳಿಗೆ ತಿಂಗಳಿಗೆ ಕನಿಷ್ಠ 20,000 ರೂ. ಗೊತ್ತುಮಾಡಿತು. ಅದು ಸಹಾಯಕಿಯ ದರವಲ್ಲ.

ಬ್ಯಾಂಕು 4 ಲಕ್ಷದವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಕೊಡುತ್ತದೆ, ನಿಜ. ಓದುವಾಗ ಕಂತಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಸಹಾಯಧನ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲೇ ಕೇಳಿರಿ.

ಕಾಲೇಜಿಗೂ ಹೋಗಿ ಕೇಳಿರಿ: ಕೌನ್ಸಿಲಿನ ಮಾನ್ಯತೆ ಪತ್ರ ಎಲ್ಲಿ? ಹಾಸ್ಟೆಲು, ಸಮವಸ್ತ್ರ, ಪರೀಕ್ಷೆ ಸೇರಿ ಒಟ್ಟು ಎಷ್ಟು? ಅಭ್ಯಾಸಕ್ಕೆ ಯಾವ ಆಸ್ಪತ್ರೆ? ಹಿಂದೆ ಸೇರಿದವರಲ್ಲಿ ಎಷ್ಟು ಮಂದಿ ಪಾಸಾದರು, ಈಗ ಎಲ್ಲಿದ್ದಾರೆ? ಉತ್ತರ ಬರಹದಲ್ಲಿರಲಿ. ಮೂಲ ಸರ್ಟಿಫಿಕೇಟುಗಳನ್ನು ಏಜೆಂಟರ ಕೈಗೆ ಕೊಡಬೇಡಿರಿ.

ಎಲೆ ತೂಗುವಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುವ ನಾವು, ಮಗಳ ಬದುಕನ್ನು ತೂಗುವಾಗ ಕಣ್ಣು ಮುಚ್ಚಬಾರದು. ಸಂದೇಹವಿದ್ದರೆ ಭಾನುವಾರ ಆರಾಧನೆಯ ನಂತರ ಕಾಗದಪತ್ರ ತನ್ನಿರಿ, ಕೂಡಿ ಓದೋಣ.