ಹಿಂದೆ ಕಾಣಲೂ ಟಾಪ್ ವೇರಿಯಂಟ್ ಬೇಕೆ?

ಕಳೆದ ಆಗಸ್ಟ್‌ನಲ್ಲಿ ಒಂದು ನಸುಕು, ಛತ್ರಪತಿ ಸಂಭಾಜಿನಗರದಿಂದ ನಾಸಿಕ್‌ಗೆ ಸಮೃದ್ಧಿ ಮಹಾಮಾರ್ಗದಲ್ಲಿ ಮರಳುತ್ತಿದ್ದೆ. ಸಿನ್ನರ್ ಸಮೀಪಿಸುತ್ತಿದ್ದಂತೆ ಮಂಜು, ಜೊತೆಗೆ ಜಿಟಿಜಿಟಿ ಮಳೆ. ಮುಂದಿದ್ದ ಲಾರಿಯನ್ನು ದಾಟಲು ಬಲಗನ್ನಡಿ ನೋಡಿದರೆ ಬರೀ ನೀರ ಹನಿಗಳು. ರಸ್ತೆ ಖಾಲಿ ಎಂದುಕೊಂಡು ಲೇನ್ ಬದಲಿಸಿದೆ. ಉದ್ದನೆಯ ಹಾರ್ನ್ ಕೇಳಿಸಿತು, ಕಾರೊಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು. ತಪ್ಪು ನನ್ನದೇ. ಕಾಣದಿದ್ದಾಗ ಕದಲಬಾರದಿತ್ತು.

701 ಕಿ.ಮೀ. ಉದ್ದದ ಈ ಹೆದ್ದಾರಿ 2025ರ ಜೂನ್‌ನಲ್ಲಿ ಪೂರ್ತಿ ತೆರೆಯಿತು. ಕಾರಿಗೆ ಗರಿಷ್ಠ ವೇಗಮಿತಿ ಗಂಟೆಗೆ 120 ಕಿ.ಮೀ. ನಾವು 80ರಲ್ಲಿದ್ದು ಹಿಂದಿನವರು 120ರಲ್ಲಿದ್ದರೆ, ಸೆಕೆಂಡಿಗೆ 11 ಮೀಟರ್‌ನಷ್ಟು ಹತ್ತಿರವಾಗುತ್ತಾರೆ. ಮಸುಕು ಕನ್ನಡಿಯಲ್ಲಿ ಮೂರು ಸೆಕೆಂಡ್ ತಡಕಾಡಿದರೆ 33 ಮೀಟರ್ ಮುಗಿಯಿತು.

ಇದಕ್ಕೆ ಪರಿಹಾರ ಹೊಸದೇನಲ್ಲ. ಕನ್ನಡಿಯ ಬೆನ್ನಿಗೆ ತೆಳುವಾದ ಹೀಟರ್ ಹಾಳೆ ಅಂಟಿಸಿ 12 ವೋಲ್ಟ್ ವಿದ್ಯುತ್ ಹಾಯಿಸುತ್ತಾರೆ. ಗಾಜು ಸುತ್ತಲ ಗಾಳಿಗಿಂತ ಬೆಚ್ಚಗಾದರೆ ಇಬ್ಬನಿ ಕೂರುವುದಿಲ್ಲ, ಸಣ್ಣ ಹನಿಗಳು ಕೆಲವೇ ನಿಮಿಷಗಳಲ್ಲಿ ಆರುತ್ತವೆ. ಸಾಮಾನ್ಯವಾಗಿ ಹಿಂಗಾಜಿನ ಡಿಫಾಗರ್ ಬಟನ್ನೇ ಇದಕ್ಕೂ ಸಾಕು. ಜಡಿಮಳೆಯಲ್ಲಿ ಮಾತ್ರ ಇದರ ಆಟ ನಡೆಯದು: ಒಂದು ಹನಿ ಆರುವಷ್ಟರಲ್ಲಿ ಹತ್ತು ಬಿದ್ದಿರುತ್ತವೆ.

ಯುರೋಪಿನ ಚಳಿ ದೇಶಗಳಲ್ಲಿ ಇದು ಮಾಮೂಲು. ನಮ್ಮಲ್ಲಿ ಬಹುತೇಕ ಕಾರುಗಳಲ್ಲಿ ಇಲ್ಲ. ಹಿಂಗಾಜಿನ ಡಿಫಾಗರ್ ಕೂಡ ಎಷ್ಟೋ ಕಾರುಗಳ ಕೆಳ ವೇರಿಯಂಟ್‌ಗಳಲ್ಲಿ ಸಿಗದು. ತಮಾಷೆಯೆಂದರೆ ಕನ್ನಡಿ ಮಡಚುವ ಮೋಟರ್‌ಗೆ, ಇಂಡಿಕೇಟರ್‌ಗೆ ಅಲ್ಲಿಯವರೆಗೆ ವೈರ್ ಹೋಗಿರುತ್ತದೆ. ನಾಸಿಕ್‌ನಲ್ಲಿ ಮಹೀಂದ್ರಾ, ಸಂಭಾಜಿನಗರದ ಶೇಂದ್ರಾದಲ್ಲಿ ಸ್ಕೋಡಾ ಕಾರ್ಖಾನೆಗಳಿವೆ. ಕೌಶಲದ ಕೊರತೆ ಇಲ್ಲಿಲ್ಲ.

ಕೊರತೆ ಇರುವುದು ಆದ್ಯತೆಯಲ್ಲಿ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ಅಂದರೆ ಆಮೆವೇಗದಲ್ಲಿ ಹಿಂದೆ ಸರಿಯುವಾಗ ಕಾನೂನು ನಮಗೊಂದು ಕಣ್ಣು ಕೊಟ್ಟಿತು. ಹೆದ್ದಾರಿ ವೇಗದಲ್ಲಿ ಬೇಕಾದ ಕಣ್ಣನ್ನು ಮಾರುಕಟ್ಟೆಗೆ ಬಿಟ್ಟಿತು. ‘ಹಿಮ ಬೀಳದ ದೇಶಕ್ಕೆ ಇದೇಕೆ, ಎಲ್ಲರ ಮೇಲೂ ಖರ್ಚು ಹೇರುವುದೇಕೆ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಸಾರಾ ಘಾಟ್, ಚಾಳೀಸ್‌ಗಾಂವ್‌ಗೆ ಇಳಿಯುವ ಕನ್ನಡ ಘಾಟ್ (ಹೌದು, ಊರಿನ ಹೆಸರೇ ಕನ್ನಡ), ನಮ್ಮ ಚಾರ್ಮಾಡಿ, ಆಗುಂಬೆಗಳ ಮಳೆಗಾಲ ನೋಡಿದವರಿಗೆ ಉತ್ತರ ಗೊತ್ತು. ಎಬಿಎಸ್, ಏರ್‌ಬ್ಯಾಗ್‌ಗಳೂ ಒಂದು ಕಾಲಕ್ಕೆ ಟಾಪ್ ವೇರಿಯಂಟ್‌ನವರ ಭಾಗ್ಯವೇ ಆಗಿದ್ದವು. ಕಡ್ಡಾಯ ಮಾಡುವುದು ನಂತರದ ಮಾತು; ಮೋಟರ್ ಕನ್ನಡಿ ಇರುವ ಪ್ರತಿ ಕಾರಿಗೂ ಹೀಟರ್ ಆಯ್ಕೆಯಾದರೂ ಇರಲಿ.

ಅಲ್ಲಿಯವರೆಗೆ ಕನ್ನಡಿಗೆ ನೀರು ನಿಲ್ಲದಂತೆ ಮಾಡುವ ಸ್ಪ್ರೇ ಹಚ್ಚಿ. ಪಕ್ಕದ ಗಾಜಿನ ಒಳಗೆ ಮಂಜು ಕಟ್ಟಿದರೆ ಎಸಿ ಹಾಕಿ. ಹೊರಗೆ ಕಟ್ಟಿದರೆ ಎಸಿಯ ತಂಪು ಇಳಿಸಿ. ಈ ದೀಪಾವಳಿಗೆ ನಾನೂ ಬೀಡ್, ಸೋಲಾಪುರ ದಾಟಿ ವಿಜಯಪುರಕ್ಕೆ ಹೊರಡುವವನೇ. ಕನ್ನಡಿ ಕಾಣದಿದ್ದರೆ ಲಾರಿಯ ಹಿಂದೆಯೇ ಹೋಗುತ್ತೇನೆ. ಅರ್ಧ ಗಂಟೆ ತಡವಾದರೆ ಅಮ್ಮ ರೊಟ್ಟಿ ಮತ್ತೆ ಬಿಸಿ ಮಾಡುತ್ತಾಳೆ.